ಸಮುದ್ರ ವಾಪಸ್ ಕೊಟ್ಟ ಕಾಯಿ

ನಮ್ಮ ಕಡೆಯವರು ಎಲ್ಲಿಗೆ ಹೋದರೂ ತೆಂಗಿನಕಾಯಿ ಮಾತ್ರ ಕೊಂಡುಕೊಳ್ಳೋದಿಲ್ಲ. ಹೂವು ಕೊಳ್ತಾರೆ, ಕರ್ಪೂರ ಕೊಳ್ತಾರೆ, ದೇವಸ್ಥಾನದ ಮುಂದೆ ಕಾಯಿ ಕೊಳ್ಳೋದು ಅಂದರೆ ಮರ್ಯಾದೆ ಹೋದ ಹಾಗೆ. ಅದಕ್ಕೇ ಆ ಸಲ ನಾವು ವ್ಯಾನ್ ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಸಮುದ್ರ ಅಂತ ಹೊರಟಾಗ ಹಿಂದಿನ ಸೀಟಿನ ಕೆಳಗೆ ಒಂದು ಗೋಣಿಚೀಲ ಕಾಯಿ ಇತ್ತು. ಎಲ್ಲ ನಮ್ಮ ತೋಟದ್ದೇ. ಸುಲಿದವರು ನಮ್ಮ ಮಾವ. ಅವರು ಸುಲಿದ ಕಾಯಿಗೆ ಒಂದು ಗುರುತಿರ್ತಿತ್ತು. ಜುಟ್ಟನ್ನ ಉದ್ದಕ್ಕೆ ಬಿಟ್ಟು, ತುದಿ ತಿರುಚಿ, ಗಂಟು ಹಾಕಿಬಿಡೋರು. "ಮೊಮ್ಮಗಳಿಗೆ ಜಡೆ ಹಾಕೋದ ಕಲ್ತ್ಕತಾವ್ರೆ, ಬುಡು" ಅಂತ ನಮ್ಮತ್ತೆ ಆಡಿಕೊಳ್ಳೋರು.

ಆ ಮೊಮ್ಮಗಳು ಅಂದರೆ ನನ್ನ ಮಗಳು. ಆಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ಅವಳಿಗಿಂತ ಮುಂಚೆ ಒಂದು ಗಂಡು ಕೂಸು ಹುಟ್ಟಿತ್ತು. ಜ್ವರ ಬಂತು ಅಂತ ತಿಪಟೂರಿಗೆ ಕರ್ಕೊಂಡು ಹೋಗ್ತಾ ಇದ್ದ ಹಾಗೇ ದಾರಿಯಲ್ಲಿ ನನ್ನ ತೊಡೆ ಮೇಲೇ ಹೋಗಿಬಿಟ್ಟಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಜ್ವರ ಅನ್ನೋ ಮಾತನ್ನೇ ಯಾರೂ ಆಡ್ತಿರಲಿಲ್ಲ. ಮಗು ಮೈ ಸುಡ್ತಾ ಇದ್ದರೂ "ಮೈ ಬೆಚ್ಚಗದೆ" ಅನ್ನೋರು. ನಾನು ಅಮ್ಮಸಂದ್ರದ ಕಡೆಯವಳು, ಫ್ಯಾಕ್ಟರಿ ಸೈರನ್ ಕೇಳಿಕೊಂಡು ಬೆಳೆದವಳು, ಇದ್ದದ್ದು ಇದ್ದ ಹಾಗೆ ಹೇಳಿ ಅಭ್ಯಾಸ. ಶೆಟ್ಟಿಕೆರೆ ಹತ್ತಿರದ ಈ ತೋಟದ ಮನೆಗೆ ಬಂದ ಮೇಲೆ ನನ್ನ ಬಾಯಲ್ಲೂ ಆ ಮಾತು ಹೊರಡದ ಹಾಗಾಯಿತು.

ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ ಮಲಗಿ ಎದ್ದರೆ ಮಗುವಿನ ಮೈ ಬೆಚ್ಚಗಿತ್ತು. ಹಾಲು ಕುಡಿಸಿದರೆ ಕಕ್ಕಿಬಿಟ್ಟಳು. ತಂದಿದ್ದ ಸಿರಪ್ಪು ಹಾಕಿದೆ. "ಸಾಕು, ಊರಿಗೆ ಹೋಗೋಣ ನಡೀರಿ" ಅಂದೆ. ನಮ್ಮ ಯಜಮಾನರು ನನ್ನ ಮುಖ ನೋಡಿದರು, ಅವರಪ್ಪನ ಮುಖ ನೋಡಿದರು, ಆಮೇಲೆ ವ್ಯಾನಿನ ಟೈರು ನೋಡ್ತಾ ನಿಂತರು. ಅಪ್ಪನ ಎದುರಿಗೆ ಅವರಿಗೆ ಬಾಯಿ ಇರಲಿಲ್ಲ, ನನ್ನ ಎದುರಿಗೆ ಮಾತ್ರ ಇತ್ತು.

ಮಾವ ಹಾಸನದಿಂದ ಆಚೆ ಕಾಲಿಟ್ಟವರೇ ಅಲ್ಲ. ಸಮುದ್ರ ನೋಡಬೇಕು ಅನ್ನೋದು ಅವರ ಒಂದೇ ಒಂದು ಆಸೆ. "ಇಷ್ಟು ದೂರ ಬಂದಿದ್ದಾಗದೆ. ಒಂದ್ ಗಳಿಗೆ ನೋಡ್ಕಂಡ್ ಹೊಂಟ್ಬುಡಾನ ಕಣವ್ವಾ. ಸಮುದ್ರದ ಗಾಳಿ ಮಕ್ಳಿಗೆ ಒಳ್ಳೇದಂತೆ" ಅಂದರು. ಯಾರು ಹೇಳಿದರಂತೆ? ಇವರೇ ಹೇಳಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ವ್ಯಾನ್ ಹತ್ತಿದೆ, ಇನ್ನೇನು ಮಾಡಲಿ.

ಮಲ್ಪೆಗೆ ಹೋದಾಗ ಬಿಸಿಲು ಏರಿತ್ತು. ಮೀನು ವಾಸನೆಗೆ ಅತ್ತೆ ಸೆರಗು ಮೂಗಿಗೆ ಹಿಡಿದವರು ಬಿಡಲೇ ಇಲ್ಲ. ಗಾಳಿ ತಾಗೀತು ಅಂತ ಮಗುವಿಗೆ ಸ್ವೆಟರ್ ಹಾಕಿ, ಕಿವಿ ಮುಚ್ಚೋ ಟೋಪಿ ಹಾಕಿ, ಮೇಲೊಂದು ಟವೆಲ್ ಸುತ್ತಿದ್ದರು. ಮರಳಿನ ಮೇಲೆ ಎಳೆದಿಟ್ಟಿದ್ದ ಒಂದು ದೋಣಿಯ ನೆರಳಿನಲ್ಲಿ ಅವಳನ್ನ ತೊಡೆ ಮೇಲೆ ಹಾಕ್ಕೊಂಡು ಕೂತೆ. ಮಾವ ಪಂಚೆ ಎತ್ತಿ ಕಟ್ಟಿ, ನೀರಿನ ಅಂಚಿಗೆ ಹೋಗಿ, ಆ ಕಡೆ ಈ ಕಡೆ ಕತ್ತು ತಿರುಗಿಸಿ ನೋಡಿದರು. ತುಂಬಾ ಹೊತ್ತು ನೋಡಿ, ಹಿಂದಕ್ಕೆ ತಿರುಗಿ ಕೂಗಿದರು.

"ಲೇ, ಇದಕ್ಕೆ ಏರಿ ಎಲ್ಲದ್ಲಾ?"

ಕೆರೆ ಕಂಡ ಮನುಷ್ಯ. ಎಷ್ಟು ದೊಡ್ಡ ನೀರಾದರೂ ಎಲ್ಲೋ ಒಂದು ಕಡೆ ಏರಿ ಇರಬೇಕು, ಒಂದು ಕಡೆ ಕೋಡಿ ಬೀಳಬೇಕು. ಏರಿಯಿಲ್ಲದ ನೀರಿಗೆ ಅವರಿಗೆ ಸ್ವಲ್ಪ ಭಯವೇ ಆಯಿತು ಅಂತ ಕಾಣುತ್ತೆ, ಒಳಕ್ಕೆ ಇಳಿಯಲಿಲ್ಲ. ಅಂಚು ಹಿಡಿದು ನಡೀತಾ ನಡೀತಾ ದೂರ ಹೋದರು. ಅಷ್ಟು ಸಿಟ್ಟಿನಲ್ಲೂ ನನಗೆ ನಗು ಬಂತು.

ಅವರು ಮರೆಯಾದದ್ದೇ ತಡ, ಅತ್ತೆ ವ್ಯಾನಿನಿಂದ ಒಂದು ಕಾಯಿ ತಂದರು. ದೃಷ್ಟಿ ತೆಗೆಯೋದು ಅಂದರೆ ಮಾವನಿಗೆ ಆಗ್ತಿರಲಿಲ್ಲ. "ಒಳ್ಳೇ ಕಾಯಿ ದಂಡ ಮಾಡ್ತೀರ" ಅಂತ ಬೈಯೋರು. ಅದಕ್ಕೇ ಅವರಿಲ್ಲದಾಗ ಅತ್ತೆ ಕಾಯಿಗೆ ಕುಂಕುಮ ಬಳಿದು, ಮಗುವಿನ ತಲೆಯಿಂದ ಕಾಲಿನ ತನಕ ಮೂರು ಸಲ ನಿವಾಳಿಸಿದರು. "ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು" ಅಂತ ಶುರು ಮಾಡಿ, ಕೊನೆಗೆ ಧ್ವನಿ ತಗ್ಗಿಸಿ, "ಅವನ್ನ ತಗಂಡಿದ್ದು ಇವಳ್ನ ಮುಟ್ಟಬ್ಯಾಡ" ಅಂದರು. ಹೋದ ಕೂಸಿನ ಮಾತು. ನನ್ನ ಕಣ್ಣಲ್ಲಿ ನೀರು ಬಂತು. ನಾನೂ ಮನಸ್ಸಿನಲ್ಲೇ ಕೈ ಮುಗಿದೆ.

ನಮ್ಮ ಯಜಮಾನರು ಮೊಣಕಾಲು ನೀರಿನ ತನಕ ಹೋಗಿ, ಬಲ ಬಿಟ್ಟು ಆ ಕಾಯಿ ಎಸೆದರು. "ತಿರುಗಿ ನೋಡಬ್ಯಾಡಿ, ಬಂದ್ಬುಡಿ" ಅಂತ ಅತ್ತೆ ಕೂಗಿದರು. ನಿವಾಳಿಸಿ ಎಸೆದ ಮೇಲೆ ತಿರುಗಿ ನೋಡಬಾರದು, ನೋಡಿದರೆ ಅದು ಬೆನ್ನು ಹತ್ತುತ್ತೆ. ಅವರು ನೋಡಲಿಲ್ಲ. ನಾನೂ ಮುಖ ಆ ಕಡೆ ತಿರುಗಿಸಿಕೊಂಡೆ. ನಮ್ಮ ಕಡೆ ಹಳ್ಳಕ್ಕೆ ಹಾಕಿದ್ದು ಕೊಚ್ಚಿಕೊಂಡು ಹೋಗುತ್ತೆ, ಬಾವಿಗೆ ಹಾಕಿದ್ದು ಅಲ್ಲೇ ಇರುತ್ತೆ. ಹಾಕಿದ್ದನ್ನ ವಾಪಸ್ ತರೋ ನೀರನ್ನ ನಾವ್ಯಾರೂ ಕಂಡಿರಲಿಲ್ಲ. ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಗೊತ್ತಾಗಿಬಿಡ್ತಿತ್ತು.

ಮಗುವಿಗೆ ಸ್ವಲ್ಪ ನಿದ್ದೆ ಹತ್ತಿತು. ಅತ್ತೆ ನೆಮ್ಮದಿಯಾಗಿ ಚಕ್ಕುಲಿ ಡಬ್ಬಿ ಬಿಚ್ಚಿದರು. ಅಷ್ಟರಲ್ಲಿ ಮಾವ ದೂರದಿಂದ ಬರೋದು ಕಾಣಿಸಿತು. ಮುಖ ಅರಳಿತ್ತು, ಹೆಜ್ಜೆ ಹುಡುಗರ ಹೆಜ್ಜೆ. ಎರಡು ಕೈಯಲ್ಲಿ ಏನೋ ಹಿಡಿದಿದ್ದರು.

ಬಿದ್ದ ಕಾಯಿ ಕಂಡರೆ ನಮ್ಮ ಮಾವ ಬಿಟ್ಟು ಬಂದವರಲ್ಲ. ತೋಟದಲ್ಲಾಗಲಿ, ರಸ್ತೆಯಲ್ಲಾಗಲಿ, ಮಾತು ನಿಲ್ಲಿಸಿ ಬಗ್ಗಿ ಎತ್ತಿಕೊಳ್ಳೋರು. ಅವತ್ತೂ ಹಾಗೇ ಎತ್ತಿಕೊಂಡಿದ್ದಾರೆ. ನೀರಿನಲ್ಲಿ ತೊಳೆದು ಕುಂಕುಮದ ಸುಳಿವೇ ಇಲ್ಲ. ಆದರೆ ತಿರುಚಿ ಗಂಟು ಹಾಕಿದ ಜುಟ್ಟು ಹಾಗೇ ಇತ್ತು.

"ನೋಡವ್ವಾ, ನೋಡು! ನಮ್ ತೋಟದ ಕಾಯಿ! ವ್ಯಾನಿಂದ ಹೆಂಗ್ ಬಿತ್ತೋ ಏನೋ. ನಿನ್ನೇ ಹುಡ್ಕಂಡ್ ಬಂದದೆ ಕಣೇ ಪುಟ್ಟೀ!" ಅಂತ, ನಾವು ಬಾಯಿ ತೆಗೆಯೋದರೊಳಗೆ, ಅದನ್ನ ಮಗುವಿನ ಮಡಿಲಿಗೆ ಇಟ್ಟುಬಿಟ್ಟರು.

ಅತ್ತೆಯ ಕೈಯಿಂದ ಡಬ್ಬಿ ಬಿತ್ತು. ನನ್ನ ಮಗಳು ಕಣ್ಣು ಬಿಟ್ಟು, "ತಾತನ ಕಾಯಿ" ಅಂದು, ಆ ತಣ್ಣನೆಯ ಒದ್ದೆ ಕಾಯಿಯನ್ನ ಎದೆಗೆ ಅವುಚಿಕೊಂಡಳು. ನಾನು ಕಿತ್ತುಕೊಳ್ಳೋಕೆ ಹೋದರೆ ಕಿರುಚಿದಳು. "ಎಸೀರಿ ಅದನ್ನ! ಅಯ್ಯೋ, ನಿವಾಳಿಸಿದ್ದು ಅದು!" ಅಂತ ನಾನು ಕೂಗಿದೆ. ಮಾವನ ಎದುರಿಗೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರಿಗೆ ಅರ್ಥವಾಗೋಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ಅವರ ಮುಖ ಹೇಗಾಯಿತು ಅಂದರೆ, ಅದನ್ನ ನಾನು ಬರೆಯಲಾರೆ.

ಅಷ್ಟರಲ್ಲಿ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದು ಅದುರೋಕೆ ಶುರುವಾಯಿತು. ಕಾಯಿ ಉರುಳಿ ಮರಳಿಗೆ ಬಿತ್ತು. ತೊಡೆ ಮೇಲೆ ಅದೇ ಭಾರ, ಅದೇ ಬಿಸಿ. ಇನ್ನೊಂದು ಸಲ ಬೇಡ ತಂದೆ, ಇನ್ನೊಂದು ಸಲ ಬೇಡ, ಅಂತ ಅಷ್ಟೇ ಅಂತಿದ್ದೆ.

ಉಡುಪಿ ದಾರಿಯಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ಡಾಕ್ಟರಮ್ಮ ಮಗುವನ್ನ ಮೇಜಿನ ಮೇಲೆ ಮಲಗಿಸಿ ಮೊದಲು ಸ್ವೆಟರ್ ಎಳೆದು ಬಿಸಾಕಿದರು. "ಎಂತ ಇದು, ಈ ಸೆಕೆಗೆ ಸ್ವೆಟರ್ ಹಾಕುದಾ? ಜ್ವರ ನೆತ್ತಿಗೆ ಏರಿದೆ" ಅಂತ ಬೈದರು. ಸೂಜಿ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ, ಸ್ವಲ್ಪ ಹೊತ್ತಿಗೆ ಅದುರೋದು ನಿಂತಿತು. "ಜ್ವರ ಜಾಸ್ತಿ ಆದ್ರೆ ಕೆಲವು ಮಕ್ಕಳಿಗೆ ಹೀಗೆ ಆಗ್ತದೆ. ಹೆದರಬೇಡಿ, ಸಂಜೆವರೆಗೆ ಇರಲಿ, ನೋಡುವ" ಅಂದರು. ಹೆದರಬೇಡಿ ಅಂತ ಹೇಳೋದು ಸುಲಭ. ನಾನು ಮಗುವಿನ ಕಾಲು ಹಿಡಿದುಕೊಂಡು ಕೂತೆ, ಬಿಡಲಿಲ್ಲ.

ಮಧ್ಯಾಹ್ನದ ಮೇಲೆ ಬಟ್ಟೆ ನೆನೆಸಿಕೊಂಡು ಬರೋಣ ಅಂತ ಹಿತ್ತಲ ಕಡೆ ನಲ್ಲಿಗೆ ಹೋದೆ. ನಲ್ಲಿ ಕಟ್ಟೆ ಪಕ್ಕ ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಮುಂದೆ ಎರಡು ಹೋಳು ಚಿಪ್ಪು, ಎರಡೂ ಖಾಲಿ. ತಿರುಚಿದ ಜುಟ್ಟು ನೆಲದಲ್ಲಿ ಬಿದ್ದಿತ್ತು. ಮರಳಿನಿಂದ ಆ ಕಾಯಿ ಯಾವಾಗ ಎತ್ತಿಕೊಂಡು ಬಂದಿದ್ದರೋ. ಮುಂದಿನ ಹಲ್ಲು ಹೋಗಿ ಎಷ್ಟೋ ಕಾಲವಾಗಿತ್ತು ಅವರಿಗೆ. ದವಡೆಯಲ್ಲಿ ಕೊನೇ ಚೂರು ಅಗಿಯುತ್ತಿದ್ದರು. ಗಡ್ಡದ ಮೇಲೆ ಕಣ್ಣೀರು ಸುರಿಯುತ್ತಿತ್ತು.

ನಿವಾಳಿಸಿದ್ದನ್ನ ದಾಟಿದರೆ ಸಾಕು, ಅದು ದಾಟಿದವರಿಗೆ ಹತ್ತುತ್ತೆ ಅಂತಾರೆ ನಮ್ಮಲ್ಲಿ. ಮೂರು ದಾರಿ ಕೂಡೋ ಕಡೆ ಒಡೆದ ಕಾಯಿ ಬಿದ್ದಿದ್ದರೆ ಹಸಿದವನೂ ಎತ್ತಿಕೊಳ್ಳಲ್ಲ. ಅದನ್ನೆಲ್ಲ ನಂಬದೆ ನಗಾಡುತ್ತಿದ್ದ ಮನುಷ್ಯ ನೀರೂ ಬಿಡದೆ ಕುಡಿದು, ಪೂರ್ತಿ ಕಾಯಿ ತಿಂದು ಮುಗಿಸಿದ್ದರು.

"ತಿಂದ್ಬುಟ್ಟೆ ಕಣವ್ವಾ" ಅಂದರು. "ಇನ್ನೆಲ್ಲಿಗ್ ವಾಪಸ್ ಬತ್ತದೆ ಅದು?"

ನನಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. "ಏಳಿ ಮಾವ" ಅಂದು ಕೈ ಹಿಡಿದು ಎಬ್ಬಿಸಿದೆ. ಚಿಪ್ಪನ್ನೂ ಜುಟ್ಟನ್ನೂ ಅವರೇ ಆರಿಸಿ ಪಂಚೆಯಲ್ಲಿ ಕಟ್ಟಿಕೊಂಡರು. ಊರಿಗೆ ಬಂದು ಬಚ್ಚಲ ಒಲೆಗೆ ಹಾಕಿದರು.

ಅವತ್ತು ಸಂಜೆ ನರ್ಸಿಂಗ್ ಹೋಮಿನಲ್ಲೇ ಮಗು ಎದ್ದು ಕೂತು ಇಡ್ಲಿ ಕೇಳಿದಳು.

ಡಾಕ್ಟರಮ್ಮ ಹೇಳಿದ್ದು ನನಗೆ ಅರ್ಥವಾಗಿತ್ತು, ನಾನೂ ಹತ್ತನೇ ಕ್ಲಾಸ್ ಪಾಸು ಮಾಡಿದವಳೇ. ಸ್ವೆಟರಿನಿಂದ ಆಗಿದ್ದು, ಸೂಜಿಯಿಂದ ಹೋಗಿದ್ದು. ಆದರೂ ಆಷಾಢದಲ್ಲಿ ತೋಟಕ್ಕೆ ಗಾಳಿ ಹೊಕ್ಕು ಗರಿಗಳೆಲ್ಲ ಒಟ್ಟಿಗೆ ಸದ್ದು ಮಾಡಿದರೆ, ಆ ಮಲ್ಪೆಯ ನೀರೇ ನಮ್ಮ ಬಾಗಿಲಿಗೆ ಬಂತು ಅನ್ನಿಸೋದು. ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಮಗಳ ಹಣೆ ಮುಟ್ಟಿ ನೋಡೋಳು. ಆಮೇಲೆ ಹಜಾರಕ್ಕೆ ಹೋಗಿ ಮಾವನ ಮುಖ ನೋಡೋಳು. ಅವರಿಗೆ ಒಂದು ಕೆಮ್ಮು ಬಂದರೂ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳೋರು. ಒಲೆಗೆ ಹಾಕಿದ ಚಿಪ್ಪು ನೋಡಿ ಅತ್ತೆಗೂ ಎಲ್ಲ ಗೊತ್ತಾಗಿತ್ತು. ಆ ದಿನದ ಮಾತನ್ನ ನಮ್ಮ ಮನೆಯಲ್ಲಿ ಯಾರೂ ಎತ್ತಲೇ ಇಲ್ಲ. ಮಗಳಿಗಂತೂ ಏನೂ ಗೊತ್ತಿಲ್ಲ. ಸಮುದ್ರ ಅಂದರೆ ಅವಳಿಗೆ ಜ್ಞಾಪಕ ಇದ್ದದ್ದು ಇಡ್ಲಿ ಮಾತ್ರ.

ಮಾವ ಗಟ್ಟಿ ಮನುಷ್ಯ, ಬಹಳ ವರ್ಷ ಬದುಕಿದರು. ಮಗಳು ಹೈಸ್ಕೂಲಿಗೆ ಹೋಗೋ ಹೊತ್ತಿಗೆ ಮಲಗಿದರು. ಶುರುವಾಗಿದ್ದು ಜ್ವರದಿಂದಲೇ. ಡಾಕ್ಟರು ವಯಸ್ಸು ಅಂದರು, ಶ್ವಾಸಕೋಶ ಅಂದರು. ನಾನು ಹಣೆ ಮುಟ್ಟಿ, ಅಭ್ಯಾಸದಂತೆ, "ಮೈ ಬೆಚ್ಚಗದೆ ಮಾವ" ಅಂದೆ. ಅವರು ನಕ್ಕರು. "ಬೆಚ್ಚಗದೆ ಅಲ್ಲ ಕಣವ್ವಾ. ಜ್ವರ. ಬಂತು, ಬುಡು" ಅಂದರು. ಬರ್ತಾರೆ ಅಂತ ಕಾದಿದ್ದ ನೆಂಟರು ಬಂದಾಗ ಆಡೋ ದನಿ ಅದು.

ಒಂದು ಮಧ್ಯಾಹ್ನ ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗ್ ಬಿಸಾಕಿ ತಾತನ ಹತ್ತಿರ ಕೂತು, ಹಣೆ ಮೇಲೆ ಕೈ ಇಟ್ಟಳು. ತಲೆ ಎತ್ತೋಕೂ ಆಗದೆ ಮಲಗಿದ್ದ ಮನುಷ್ಯನಿಗೆ ಎಲ್ಲಿತ್ತೋ ಶಕ್ತಿ, ಅವಳ ಕೈಯನ್ನ ಕಿತ್ತು ದೂರ ತಳ್ಳಿದರು. "ಹೋಗು ಆಚೆ! ಮುಟ್ಟಬ್ಯಾಡ!" ಎತ್ತಿ ಆಡಿಸಿದ ತಾತ, ಒಂದು ದಿನವೂ ಗದರಿದವರಲ್ಲ. ಮಗಳು ಮುಖ ಸಪ್ಪಗೆ ಮಾಡಿಕೊಂಡು, "ತಾತಂಗೆ ನಾನು ಬೇಡವಾದೆನಾ ಅಮ್ಮ?" ಅಂತ ಅಳ್ತಾ ಹಿತ್ತಲಿಗೆ ಓಡಿದಳು.

ಮಾವ ಗೋಡೆ ಕಡೆಗೆ ತಿರುಗಿಕೊಂಡಿದ್ದರು. ನಾನು ಬಗ್ಗಿ ಹೊದಿಕೆ ಸರಿ ಮಾಡುವಾಗ, ನನಗೆ ಮಾತ್ರ ಕೇಳೋ ಹಾಗೆ ಹೇಳಿದರು.

"ಸಮುದ್ರ ವಾಪಸ್ ಕೊಟ್ಬುಡ್ತು. ನಾನು ಕೊಡಾಕಿಲ್ಲ ಕಣವ್ವಾ."