ಕತ್ತಿನ ಬುಡದಲ್ಲಿ ಉಳಿದ ಹಸಿರು

ಸುಸ್ತು ಎನ್ನುವುದು ಮೆರೆಪೆಕಳ ಪಾಲಿಗೆ ಸಂಜೆ ಬಂದು ಉಂಡು ಹೋಗುವ ನೆಂಟನಾಗಿದ್ದ ಕಾಲ ಎಂದೋ ಮುಗಿದಿತ್ತು. ಈಗ ಅದು ಮನೆ ಅಳಿಯನ ಹಾಗೆ ಬಂದು ಬೇರೂರಿ ಕೂತಿತ್ತು. ಮೂವತ್ತೊಂದು ವರ್ಷದಿಂದ ವೈರೋವಾ ಊರಿನ ಮಾಂಸದ ಕಾರ್ಖಾನೆಯಲ್ಲಿ, ಒದ್ದೆ ಸಿಮೆಂಟು ನೆಲದ ಮೇಲೆ ರಬ್ಬರ್ ಬೂಟು ತೊಟ್ಟು ನಿಂತು, ಕೊಕ್ಕೆಗೆ ತೂಗುಬಿದ್ದು ಸಾಲಾಗಿ ಬರುವ ಕುರಿಗಳ ಕೊಬ್ಬು ಸವರಿ ತೆಗೆಯುವುದು ಅವಳ ಕೆಲಸ. ಮಂಡಿಗಳೆರಡೂ ಹೋಗಿದ್ದವು. ಬಲಗೈ ಬೆರಳುಗಳು ಬೆಳಿಗ್ಗೆ ಚಾಕು ಹಿಡಿದ ಆಕಾರದಲ್ಲೇ ಏಳುತ್ತಿದ್ದವು. ಬಿಸಿನೀರಲ್ಲಿ ಅದ್ದಿ ಒಂದೊಂದಾಗಿ ಬಿಡಿಸಬೇಕು. ವಯಸ್ಸು ಅರವತ್ತೊಂದು. ಸರ್ಕಾರ ಪಿಂಚಣಿ ಕೊಡುವುದು ಅರವತ್ತೈದಕ್ಕೆ. ನಡುವಿನ ನಾಲ್ಕು ವರ್ಷ ಹೇಗೆ ಕಳೆಯುವುದು ಎನ್ನುವುದೊಂದೇ ಅವಳ ಚಿಂತೆ. ಅದಕ್ಕಿಂತ ದೊಡ್ಡ ಚಿಂತೆ ಮಾಡುವಷ್ಟು ತ್ರಾಣವೂ ಇರಲಿಲ್ಲ.

ಕಾರ್ಖಾನೆ ಮುಗಿಸಿ ಮನೆಗೆ ಬಂದರೆ ಅಪ್ಪ. ಹನ್ನೊಂದು ವರ್ಷ ಅಪ್ಪನನ್ನು ಮೀಯಿಸಿ, ಉಣ್ಣಿಸಿ, ಬೆನ್ನು ತಟ್ಟಿ ಕಫ ಇಳಿಸಿದವಳು ಅವಳೇ. ಆ ಅಪ್ಪನೋ, ಅವಳನ್ನು ಎತ್ತಿ ಆಡಿಸಿದವನಲ್ಲ. ಮಗಳು ಹುಟ್ಟಿ ಮೂರು ತಿಂಗಳಾಗುವುದರೊಳಗೆ, ಹೊಳೆಯುವ ಸೂಟು ತೊಟ್ಟ ಮಾವೊರಿ ಹುಡುಗರ ವಾದ್ಯತಂಡವೊಂದರ ಜೊತೆ ಸಿಡ್ನಿಯ ಹಡಗು ಹತ್ತಿದ್ದ. ತಾಯಿ ಎರಡು ವರ್ಷ ಕಾದು, ಬೇರೆ ಮದುವೆಯಾಗಿ ಆಕ್ಲೆಂಡಿಗೆ ಹೋದಳು. ಮೆರೆಪೆಕ ಅಜ್ಜಿಯ ಮನೆಯಲ್ಲಿ ಬೆಳೆದಳು. ಅವಳಿಗೆ ಒಂಬತ್ತು ತುಂಬಿದಾಗ ಅಪ್ಪ ತಾಮೆಹಾನ ವಾಪಸು ಬಂದ. ಸಂಪಾದನೆ ಎಂದು ತಂದದ್ದು ಒಂದು ಕೆಮ್ಮು ಮತ್ತು ಒಂದು ಬೇಸ್ ಗಿಟಾರು. ನಾಲ್ಕೇ ತಂತಿಯ, ದಪ್ಪ ದನಿಯ ಅಮೆರಿಕದ ವಾದ್ಯ. ಆಮೇಲೆ ನಲವತ್ತು ವರ್ಷ ಆ ಊರಿನಲ್ಲಿ ಅದಿಲ್ಲದೆ ಒಂದು ಮದುವೆಯಾಗಲಿಲ್ಲ, ಒಂದು ಶನಿವಾರದ ಕುಣಿತವಾಗಲಿಲ್ಲ. ಉಳಿದ ದಿನ ಅದು ಅಡುಗೆಮನೆಯ ಮೂಲೆಯಲ್ಲಿ ಒಲೆಯ ಬಿಸಿಗೆ ಮೈ ಕಾಯಿಸುತ್ತಾ ನಿಂತಿರುತ್ತಿತ್ತು. ಮೆರೆಪೆಕಳೂ ಒಂದು ಮದುವೆ ಮಾಡಿಕೊಂಡಿದ್ದಳು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಹೋದ ವರ್ಷ ಜುಲೈನಲ್ಲಿ ಅಪ್ಪ ತೀರಿಕೊಂಡ. ಕುಲದ ಸಭಾಮನೆಯಲ್ಲಿ ಮೂರು ದಿನ ಪೆಟ್ಟಿಗೆಯಲ್ಲಿ ಮಲಗಿ ಬಂದವರ ಅಳುವನ್ನೂ ಹಾಡನ್ನೂ ತಮಾಷೆಯನ್ನೂ ಕೇಳಿಸಿಕೊಂಡೇ ಹೋಗುವುದು ಮಾವೊರಿ ಜನರಲ್ಲಿ ಸತ್ತವರೆಲ್ಲರ ಹಕ್ಕು. ಪೆಟ್ಟಿಗೆಯ ಪಕ್ಕದಲ್ಲಿ ಹಿರಿಯರ ಫೋಟೋಗಳು, ಸತ್ತವನು ಪ್ರೀತಿಸಿದ ವಸ್ತುಗಳು. ಹಾಗಾಗಿ ಗಿಟಾರನ್ನು ಅಡುಗೆಮನೆಯಿಂದ ಹೊರತಂದರು. ಬೆಳಕಿನಲ್ಲಿ ನೋಡಿದರೆ ಅದರ ಅವತಾರ ಕಂಡು ಮೆರೆಪೆಕಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮಾಸಿದ ಹಸಿರು, ಅದರ ಮೇಲೆ ಹಳದಿ, ಅಂಚಿನಲ್ಲಿ ಅಪ್ಪನ ಮೊಣಕೈ ತಿಕ್ಕಿ ಮರ ಕಂಡಿತ್ತು, ಮೈಯ ಮೇಲೆಲ್ಲ ಸಿಗರೇಟು ಸುಟ್ಟ ಕಲೆಗಳು.

ಪಕ್ಕದಲ್ಲಿ ಅವಳ ಸೋದರತ್ತೆಯ ಮಗ ಪರಾತೆನೆ ನಿಂತಿದ್ದ. ಐವತ್ತು ದಾಟಿದ ಗಂಡಸು. ಗುದ್ದಿಸಿಕೊಂಡ ಕಾರುಗಳಿಗೆ ಬಣ್ಣ ಹೊಡೆಯುವುದು ಕಸುಬು. ಚಿಕ್ಕಂದಿನಿಂದ ತೊದಲು, ನಾಲ್ಕು ಜನರ ಮುಂದೆ ನಾಲಿಗೆ ಏಳುತ್ತಿರಲಿಲ್ಲ.

"ಇದನ್ನ ಹೀಗೇ ಇಡೋದಾ ಅಪ್ಪನ ಪಕ್ಕ?" ಎಂದಳು ಮೆರೆಪೆಕ. "ಹಳಸಿದ ಬಟಾಣಿ ಸಾರಿನ ಬಣ್ಣ. ನೇಪಿಯರ್ ಕಡೆಯೋರು, ಗಿಸ್ಬರ್ನ್ ಕಡೆಯೋರು ಎಲ್ಲ ಬರ್ತಾರೆ. ಮಗಳು ಒಂದು ಒರೆಸಿ ಕೂಡ ಇಡಲಿಲ್ಲ ಅಂತ ಆಡ್ಕೋತಾರೆ."

"ಬ... ಬಳಿದುಕೊಡ್ಲಾ ಅಕ್ಕಾ?"

"ಬಳಿ. ಕಪ್ಪು ಬಳಿ. ಅಪ್ಪನ ಕುಣಿತದ ಬೂಟು ಇರ್ತಿತ್ತಲ್ಲ, ಹಂಗೆ ಹೊಳೀಬೇಕು."

ಪರಾತೆನೆ ಕೆಲಸ ಕದಿಯುವವನಲ್ಲ. ಹಳೆಯ ಬಣ್ಣದ ಮೇಲೆ ಹೊಸದು ಬಳಿದರೆ ಆರು ತಿಂಗಳಿಗೆ ಹಪ್ಪಳ ಎದ್ದ ಹಾಗೆ ಏಳುತ್ತದೆ ಎನ್ನುವುದು ಅವನ ಕಸುಬಿನ ಮೊದಲ ಪಾಠ. ಕಾರಿನ ಕಿಟಕಿಗೆ ಅಂಟಿಸುವಂತೆ ಗಿಟಾರಿನ ಕತ್ತಿಗೆ ಟೇಪು ಸುತ್ತಿ, ಮೈಯನ್ನು ಮರ ಕಾಣುವವರೆಗೆ ಉಜ್ಜಿ, ಸುಟ್ಟ ಕಲೆಗಳಿಗೆ ಮೆತ್ತಿ, ಐದು ಸಲ ಬಣ್ಣ ಹೊಡೆದು ಮಾರನೆಯ ದಿನ ತಂದಿಟ್ಟ. ಕನ್ನಡಿ! ಬಂದವರೆಲ್ಲ ಅದನ್ನು ಸವರಿ ಅತ್ತರು. ಕಡೆಯ ಸಂಜೆ ಒಬ್ಬ ಹಿರಿಯ ಊರುಗೋಲು ಊರಿ ಎದ್ದು, "ಮಾತಾಡೋಕೆ ಬಾರದ ಈ ಹುಡುಗ ಕೈಯಲ್ಲಿ ಮಾತಾಡಿದಾನೆ, ನೋಡಿ," ಎಂದ. ಪರಾತೆನೆ ತಲೆ ತಗ್ಗಿಸಿ ಕೂತು ಭುಜ ಕುಲುಕಿಸಿ ಅತ್ತ. ಜೀವಮಾನದಲ್ಲಿ ಅವನನ್ನು ನೆರೆದ ಸಭೆ ಹೊಗಳಿದ್ದು ಅದೊಂದೇ ಸಲ. ಆ ಸಂಜೆಯೇ ಹಿರಿಯರು ಗಿಟಾರು ಮೆರೆಪೆಕಳದು ಎಂದು ತೀರ್ಮಾನಿಸಿದರು, ಯಾರೂ ಎದುರಾಡಲಿಲ್ಲ.

ವರ್ಷ ಕಳೆದು, ಸಮಾಧಿಯ ಕಲ್ಲಿಗೆ ಹೊದಿಸಿದ ಬಟ್ಟೆ ಸರಿಸುವ ಶಾಸ್ತ್ರವೂ ಮುಗಿದ ಮೇಲೆ ಒಂದು ದಿನ ಕಾರ್ಖಾನೆಯ ಊಟದ ಕೋಣೆಯಲ್ಲಿ, ಪಕ್ಕದ ಸಾಲಿನ ಹೆಂಗಸೊಬ್ಬಳು ಫೋನು ಹಿಡಿದು ಬಂದಳು.

"ನೋಡೇ ಇಲ್ಲಿ, ನಿಮ್ಮಪ್ಪಂದು ಇಂಥದ್ದೇ ತಾನೇ? ಆಕ್ಲೆಂಡಲ್ಲಿ ಅರವತ್ತು ಸಾವಿರ ಡಾಲರಿಗೆ ಹೋಯ್ತಂತೆ! ನೀನು ಕೋಟ್ಯಧೀಶ್ವರಿ ಆಗಿದ್ಕೊಂಡು ಇಲ್ಲಿ ಬಂದು ಕುರಿ ಕೊಬ್ಬು ಕೆರೀತಿದೀಯಲ್ಲ!"

ಮೆರೆಪೆಕ ನಕ್ಕಳು. ಆದರೆ ಆ ಮಧ್ಯಾಹ್ನವೆಲ್ಲ ಚಾಕು ಕೈಯಲ್ಲಿ, ಮನಸ್ಸು ಎಲ್ಲೋ. ಇರುವುದು ಸ್ವಂತ ಮನೆ, ಹಿತ್ತಿಲಲ್ಲಿ ಆಲೂಗೆಡ್ಡೆ, ನದಿಯಲ್ಲಿ ಹಾವುಮೀನು. ಅರವತ್ತು ಸಾವಿರ ಇದ್ದರೆ ನಾಲ್ಕು ವರ್ಷ ತಳ್ಳಬಹುದು. ಬೆಳಿಗ್ಗೆ ಏಳದೆ ಇರಬಹುದು. ಆ ಯೋಚನೆಯೇ ಅವಳ ಮೈಗೆ ಎಷ್ಟು ಹಾಯೆನಿಸಿತೆಂದರೆ, ಅಲ್ಲೇ ಆ ಕುರಿಗಳ ನಡುವೆ ಕಣ್ಣು ತುಂಬಿ ಬಂತು.

ಮಾರನೆಯ ವಾರ ಶುಕ್ರವಾರ ರಜೆ ಹಾಕಿದಳು. ನೇಪಿಯರಿನ ದಾರಿಯ ತಿರುವುಗಳಲ್ಲಿ ಬ್ರೇಕು ತುಳಿಯಲು ಅವಳ ಮಂಡಿ ಒಪ್ಪದೆ ಪರಾತೆನೆಯೇ ಕಾರು ಓಡಿಸಿದ. ಗಿಟಾರು ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿತ್ತು. ಹಳೆಯ ಗಿಟಾರುಗಳ ರಿಪೇರಿಯಲ್ಲೇ ತಲೆ ನರೆಸಿಕೊಂಡ ಲಿಂಡ್ಸೆ ಎಂಬ ಬಿಳಿಯ ಮುದುಕನ ಅಂಗಡಿ ಬಂದರಿನ ಹತ್ತಿರ. ಹೊಸಬರ ಮುಂದೆ ನಿಲ್ಲುವುದೆಂದರೆ ಪರಾತೆನೆಗೆ ಬೆವರು. "ನಾನು ತಿನ್ನೋಕೆ ಪೈ ತ... ತರ್ತೀನಿ," ಎಂದು ಬಾಗಿಲಲ್ಲೇ ಜಾರಿಕೊಂಡ.

ಲಿಂಡ್ಸೆ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಕನ್ನಡಕ ಏರಿಸಿದ. ಕಪ್ಪು ಬಣ್ಣ ನೋಡಿ ಒಂದು ಸಲ ಮೂಗು ಮುರಿದ.

"ಇದರ ವಯಸ್ಸು ಹೊರಗಿನಿಂದ ಹೇಳೋಕಾಗಲ್ಲಮ್ಮ, ಬಿಚ್ಚಬೇಕು. ಬೆನ್ನಲ್ಲಿ ಈ ತಗಡಿದೆಯಲ್ಲ, ಇದರ ನಂಬರ್ ಹಿಡ್ಕೊಂಡು ಎಲ್ಲರೂ ಕುಣೀತಾರೆ. ಅದನ್ನ ನಂಬೋ ಹಾಗಿಲ್ಲ. ಆ ಕಾಲದಲ್ಲಿ ಡಬ್ಬಿಗೆ ಕೈಹಾಕಿ ಸಿಕ್ಕಿದ ತಗಡು ಜಡೀತಿದ್ರು. ಎರಡು ವರ್ಷ ಆಚೆ ಈಚೆ."

"ಬಿಚ್ಚಿ. ನಾನು ದಿನಾ ಬಿಚ್ಚೋದನ್ನೇ ನೋಡೋಳು."

ಅವನು ತಂತಿ ಸಡಿಲಿಸಿ, ದನಿ ಏರಿಸಿ ಇಳಿಸುವ ತಿರುಪುಗಳ ಕೆಳಗಿನ ತಗಡು ಎತ್ತಿದ. ಭೂತಗನ್ನಡಿ ಹಿಡಿದು ಒಳಗಿನ ಪುಟ್ಟ ಡಬ್ಬಿಗಳ ಬೆನ್ನಲ್ಲಿ ಕೆತ್ತಿದ್ದ ಅಂಕಿ ಓದಿದ. "ಅರವತ್ತೆರಡು, ಏಳನೇ ವಾರ. ಬೆಸುಗೆ ಯಾರೂ ಮುಟ್ಟಿಲ್ಲ. ಭೇಷ್!" ಅವನ ದನಿ ಚಿಗುರಿತು. ಆಮೇಲೆ ಬೆನ್ನಿನ ನಾಲ್ಕು ತಿರುಪುಮೊಳೆ ಬಿಚ್ಚಿ, ಹಾಲುಹಲ್ಲು ಅಲ್ಲಾಡಿಸುವಷ್ಟು ಮೆಲ್ಲಗೆ ಕತ್ತನ್ನು ಮೈಯಿಂದ ಬೇರೆ ಮಾಡಿದ. ಕತ್ತಿನ ಬುಡದ ಬೋಳು ಮರದ ಮೇಲೆ ತಾರೀಖಿನ ಮುದ್ರೆ. "ಮೇ, ಅರವತ್ತೆರಡು. ಅನುಮಾನವೇ ಬೇಡ. ಅಪ್ಪಟ."

"ನಾನೂ ಅರವತ್ತೆರಡೇ. ಜೂನ್."

"ಓಹೋ, ಒಂದೇ ವಾರಿಗೆ!"

"ವಾರಿಗೆ ಏನೋ ಒಂದೇ. ವರ್ಷ ಆದ ಹಾಗೆಲ್ಲ ಇದಕ್ಕೆ ಬೆಲೆ ಏರ್ತು. ನನ್ನ ಮಂಡಿ ನೋಡಿದ್ರೆ ಹತ್ತು ಡಾಲರ್ ಕೊಡೋರಿಲ್ಲ."

ಲಿಂಡ್ಸೆ ನಕ್ಕ. ಅವಳಿಗೆ ಮಾತ್ರ ನಗು ಅರ್ಧಕ್ಕೇ ನಿಂತಿತು. ತನ್ನನ್ನು ಎತ್ತಿಕೊಳ್ಳಬೇಕಾದ ಕೈ ಒಂಬತ್ತು ವರ್ಷ ಎತ್ತಿಕೊಂಡದ್ದು ಇದನ್ನು. ಚಿಕ್ಕವಳಿದ್ದಾಗ ಈ ಗಿಟಾರಿನ ಮೇಲೆ ಅವಳಿಗೆ ಸವತಿಮಗುವಿನ ಮೇಲಿರುವಂಥ ಹೊಟ್ಟೆಕಿಚ್ಚಿತ್ತು. ಈಗ ಮುದಿಪ್ರಾಯದಲ್ಲಿ, ಅಕ್ಕ ತಂಗಿಗೆ ಮಾಡುವ ಹಾಗೆ, ಇದು ತನ್ನನ್ನು ನಾಲ್ಕು ವರ್ಷ ಸಾಕುತ್ತದೆ. ಹಳೆಯ ಸಾಲ ತೀರಿತು ಎಂದುಕೊಂಡಳು.

ಲಿಂಡ್ಸೆಯ ನಗು ಅಷ್ಟರಲ್ಲಿ ಎಲ್ಲಿಗೋ ಹೋಗಿತ್ತು. ಕತ್ತು ಕೂರುವ ಗುಳಿಯೊಳಗೆ ದೀಪ ಹಿಡಿದು ನೋಡುತ್ತಿದ್ದ.

"ಇದು... ಹಸಿರಾ?"

"ಹೌದು. ಮೊದಲು ಪೂರ್ತಿ ಹಂಗೇ ಇತ್ತು."

"ಮೊದಲು ಅಂದ್ರೆ?"

"ಹೋದ ವರ್ಷ ಜುಲೈ ತನಕ."

ಮುದುಕ ಸ್ಟೂಲು ಎಳೆದು ಕುಳಿತ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಮನೆಯವರಿಗೆ ಸಾವಿನ ಸುದ್ದಿ ಹೇಳುವ ಡಾಕ್ಟರಂತೆ ಮಾತಿಗೆ ಹುಡುಕಿದ.

"ನೋಡಿಮ್ಮ, ಆ ವರ್ಷದವು ಬಹಳಷ್ಟು ಕಂದು ಬಣ್ಣದವೇ. ಈ ಹಸಿರು ಯಾರಾದರೂ ಕೇಳಿ ಹೇಳಿ ಮಾಡಿಸಿದ್ರೆ ಮಾತ್ರ. ನಾನು ನಲವತ್ತು ವರ್ಷದಲ್ಲಿ ಕಂಡಿರೋದು ಎರಡು. ಹಾಗೇ ಇದ್ದಿದ್ರೆ ಎಪ್ಪತ್ತು ಸಾವಿರ. ಗಿರಾಕಿ ನಾನೇ ಹುಡುಕಿಕೊಡ್ತಿದ್ದೆ."

"ಈಗ?"

"ಇಪ್ಪತ್ತು."

ಮೆರೆಪೆಕ ಒಂದು ಕುರ್ಚಿ ಎಳೆದು ಕೂತುಕೊಂಡಳು.

"ಆದರೆ ಅದರ ತುಂಬ ಸಿಗರೇಟ್ ಕಲೆ ಇತ್ತು. ಮೊಣಕೈ ತಿಕ್ಕಿ ಸವೆದಿತ್ತು."

"ಅದೇ ಬೇಕಿತ್ತಮ್ಮ! ಆ ಸವೆತಕ್ಕೇ ಜನ ದುಡ್ಡು ಕೊಡೋದು. ಮರದವರೆಗೆ ಉಜ್ಜಿದಾರಲ್ಲ, ಯಾವ ಕತ್ತೆ ಮಾಡಿದ್ದು ಇದನ್ನ?"

"ಕತ್ತೆ ನಾನೇ. ನಾನೇ ಹೇಳಿ ಮಾಡಿಸಿದ್ದು." ಅವಳು ಉಸಿರು ಬಿಟ್ಟಳು. "ನಮ್ಮಲ್ಲಿ ಸತ್ತೋರನ್ನ ಚೆನ್ನಾಗಿ ಸಿಂಗರಿಸಿ ಕಳಿಸ್ತೀವಿ. ಹಳೇ ಕೊಳೆಗೆ ಇಷ್ಟು ಬೆಲೆ ಅಂತ ಯಾರಿಗೆ ಗೊತ್ತಿತ್ತು?"

ಲಿಂಡ್ಸೆಗೆ ನಾಚಿಕೆಯಾಯಿತು. "ತಪ್ಪಾಯ್ತು," ಎಂದು ಗೊಣಗಿದ. ಅವಳಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು.

ಅದೇ ಹೊತ್ತಿಗೆ ಪರಾತೆನೆ ಪೈಗಳ ಚೀಲ ಹಿಡಿದು ಬಾಗಿಲು ತಳ್ಳಿದ. ಬಿಚ್ಚಿಟ್ಟ ಗಿಟಾರು ನೋಡಿ ಹತ್ತಿರ ಬಂದು, ತನ್ನ ಕಪ್ಪು ಬಣ್ಣದ ಮೇಲೆ ಬಿದ್ದಿದ್ದ ದೂಳನ್ನು ಅಂಗಿಯ ತೋಳಿನಿಂದ ಮೊದಲು ಒರೆಸಿದ. ಆಮೇಲೆ ಕೇಳಿದ.

"ಎ... ಎಷ್ಟಂತೆ ಅಕ್ಕಾ?"

ಲಿಂಡ್ಸೆ ಬಾಯಿ ತೆರೆದ. ಮೆರೆಪೆಕ ಅವನಿಗಿಂತ ಬೇಗ ಬಾಯಿ ಹಾಕಿದಳು.

"ಎಪ್ಪತ್ತು ಸಾವಿರ ಕಣೋ. ನಿನ್ನ ಬಣ್ಣಕ್ಕೇ ಬೆಲೆ ಅಂತೆ. ಅಲ್ವಾ ಲಿಂಡ್ಸೆ ಅವರೇ? ಈಗ ತಾನೇ ಹೇಳ್ತಿದ್ರಿ."

ಮುದುಕ ಅವಳನ್ನು ನೋಡಿದ, ಅವನನ್ನು ನೋಡಿದ. ಬಣ್ಣದ ಮೇಲೆ ಬೆರಳಾಡಿಸಿದ. "ಕೆಲಸ ಬಹಳ ಅಚ್ಚುಕಟ್ಟಾಗಿದೆ," ಎಂದ. ಅಷ್ಟು ಮಟ್ಟಿಗೆ ಅದು ನಿಜವೇ. "ಒಂದು ಗುಳ್ಳೆ ಇಲ್ಲ. ನನ್ನ ಕೈಲಿ ಆಗ್ತಿರಲಿಲ್ಲ."

ಪರಾತೆನೆಯ ಮುಖ ಊರಗಲವಾಯಿತು. "ಕತ್ತಿಗೆ ಹೊ... ಹೊಡೆದಿಲ್ಲ. ಅವತ್ತು ಟೈಮ್ ಇರಲಿಲ್ಲ. ಅದಕ್ಕೂ ಹೊಡೆದ್ರೆ ಇನ್ನೂ ಜಾಸ್ತಿ..."

"ಬೇಡ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ವಾಪಸು ದಾರಿಯಲ್ಲಿ ಪೈ ತಿಂದ ಕೈ ಒರೆಸಿಕೊಳ್ಳುತ್ತಾ ಪರಾತೆನೆ ಗುನುಗುತ್ತಿದ್ದ. ಮೆರೆಪೆಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು: ಇಪ್ಪತ್ತು ಎಂದರೆ ಒಂದು ವರ್ಷ, ಹಿಡಿದು ಹಿಡಿದು ಉಂಡರೆ ಒಂದೂಕಾಲು. ಒಂದೂಕಾಲು ವರ್ಷವಾದರೂ ಮಲಗಬಹುದಲ್ಲ. ಲಿಂಡ್ಸೆಗೆ ಫೋನು ಮಾಡಿ ಸದ್ದಿಲ್ಲದೆ ಮಾರಿದರಾಯಿತು.

"ಹಂಗಾದ್ರೆ ಸೋ... ಸೋಮವಾರ ಕೆಲಸ ಬಿಡ್ತೀನಿ ಅಂತ ಹೇಳಿಬಿಡ್ತೀಯಾ?" ಎಂದ ಪರಾತೆನೆ. "ಎಪ್ಪತ್ತು ಅಂದ್ರೆ ನಾಲ್ಕು ವರ್ಷ ದಾಟಿ ಉಳಿಯುತ್ತೆ. ಊರಿಗೆಲ್ಲ ಹೇಳ್ತೀನಿ. ಆ ಹಿರಿಯರಿಗೆ ಮೊ... ಮೊದಲು."

ಅವಳು ತಣ್ಣಗಾದಳು. ಎಪ್ಪತ್ತು ಬಂದವಳು ವರ್ಷಕ್ಕೇ ಮತ್ತೆ ಚಾಕು ಹಿಡಿದರೆ ಊರು ಸುಮ್ಮನಿರುತ್ತದೆಯೇ? ಯಾರಾದರೂ ಲಿಂಡ್ಸೆಯನ್ನು ಕೇಳಿದರೆ? ಪರಾತೆನೆಗೆ ಜೀವನದಲ್ಲಿ ಇರುವುದೇ ಸಭೆ ಹೊಗಳಿದ ಆ ಒಂದು ಸಂಜೆ. ಹಾಳಾದ ನಾಲಿಗೆ, ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಕೂಲಿ ಕೇಳುತ್ತದೆ.

"ಮಾರಲ್ಲ ಕಣೋ," ಎಂದಳು.

"ಯಾ... ಯಾಕೆ?"

"ನೀನು ಬಳಿದದ್ದು. ಅಪ್ಪನ ಪಕ್ಕ ಇಟ್ಟಿದ್ದು. ಕಂಡೋರ ಮನೇಲಿ ಯಾಕಿರಬೇಕು? ಅಡುಗೆಮನೇಲೇ ಇರಲಿ."

ಆಡಿದ ಮೇಲೆ ಅವಳಿಗೆ ಅಳು ಬಂತು. ಆ ಒಂದೂಕಾಲು ವರ್ಷಕ್ಕಾಗಿಯೇ ಅಳು ಬಂತು. ಅದರಲ್ಲಿ ದೊಡ್ಡತನವೇನೂ ಇರಲಿಲ್ಲ. ಪರಾತೆನೆ ಅದನ್ನು ಬೇರೆ ಥರ ತಿಳಿದು, ಕಾರನ್ನು ನಿಧಾನ ಮಾಡಿ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದರಲ್ಲಿ ತನ್ನ ಮೂಗು ಒರೆಸಿಕೊಂಡ.

"ಸೋಮವಾರ ಬೆಳಿಗ್ಗೆ ನನ್ನನ್ನ ಕಾರ್ಖಾನೆ ಹತ್ರ ಬಿಡ್ತೀಯೇನೋ?" ಎಂದಳು ಕೊನೆಗೆ. "ಅಷ್ಟು ದೂರ ನಡೆಯೋಕೆ ಇನ್ನು ಆಗಲ್ಲ ನನ್ನ ಕೈಲಿ."

"ಸೋಮವಾರ ಒಂದೇ ಏನು ಅಕ್ಕಾ," ಎಂದ ಪರಾತೆನೆ ಸಂತೋಷದಿಂದ, "ನಾಲ್ಕು ವರ್ಷಾನೂ ನಾನೇ ಬಿಡ್ತೀನಿ."