ತೊಲೆಯ ಮೇಲೆ ನಕ್ಕವಳು

ನನ್ನ ತಂಗಿ ಕೋಮಲಾ ಚಿಕ್ಕಂದಿನಲ್ಲಿ ನೆಟ್ಟಗೆ ನಡೆದದ್ದನ್ನು ನಾನು ಕಂಡಿದ್ದೇ ಕಡಿಮೆ. ತಮಿಳು ಸೀಮೆಯ ಆದಂಬಾಕ್ಕಂನಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆಯಿಂದ ಹಾಲ್‌ಗೆ ಬರುವುದಕ್ಕೂ ಅವಳು ಲಾಗ ಹಾಕಬೇಕು. ಹತ್ತಿರದ ಗಿಂಡಿ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅಪ್ಪ ಈ ಕಾಟ ತಾಳಲಾರದೆ ೧೯೯೬ರಲ್ಲಿ ಅವಳನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸಿದರು. ತುಮಕೂರಿನ ನೆಂಟರು, ಹೆಣ್ಣು ಮಗುವಿಗೆ ಸರ್ಕಸ್ ಕಲಿಸುತ್ತಾರೆ ಎಂದು ಮೂಗು ಮುರಿದರು. ಮುರಿಯಲಿ ಬಿಡಿ, ಅವರ ಮೂಗು ತಾನೆ!

ತರಬೇತಿಗೆ ಕರೆದೊಯ್ಯುವ ಕೆಲಸ ಅಜ್ಜಿ ಸರ್ವಮಂಗಳಮ್ಮನದು. ಮೊದಲ ದಿನವೇ ರಂಪವಾಯಿತು. ಕೋಚ್ ಧನಶೇಖರ್ ತಮಿಳರು. ಮಕ್ಕಳು ಹಾರುವ ಹೊತ್ತಿಗೆ "ಕುದಿ! ಕುದಿ!" ಎಂದು ಕೂಗುವರು. ತಮಿಳಿನಲ್ಲಿ ಹಾಗೆಂದರೆ ನೆಗೆ ಎಂದರ್ಥ. ತಮಿಳಿನ ಗಂಧವಿಲ್ಲದ ಅಜ್ಜಿ ಎದ್ದು ನಿಂತರು.

"ಏನಪ್ಪಾ, ಮಗೀನ ಕುದಿ ಕುದಿ ಅಂತೀಯಲ್ಲ, ಅದೇನು ಒಲೆ ಮ್ಯಾಲಿಟ್ಟ ಹಾಲಾ?"

ಒಂದಕ್ಷರವೂ ತಿಳಿಯದ ಕೋಚ್ "ಸರಿಮ್ಮಾ, ಸರಿಮ್ಮಾ" ಎಂದು ಒಂದು ಕುರ್ಚಿ ಹಾಕಿಸಿಕೊಟ್ಟರು. ಅರ್ಥ ಗೊತ್ತಾದ ಮೇಲೂ ಅಜ್ಜಿ ಆ ಮಾತನ್ನು ಬಾಯಿಗೆ ತರಲಿಲ್ಲ. ಬೆಳೆಯುವ ಮಗುವಿಗೆ ಕುದಿ ಅನ್ನಬಾರದಂತೆ. ಮನೆಯಲ್ಲಿ ಕೋಮಲಾ ಬೇಕೆಂದೇ "ಅಜ್ಜಿ, ಕುದೀಲಾ?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದಳು.

ಹುಡುಗಿಯ ಚಳಕವೆಲ್ಲ ಬೀಮ್ ಮೇಲೆ. ಅಜ್ಜಿ ಅದನ್ನು ತೊಲೆ ಎನ್ನುತ್ತಿದ್ದರು. ಅಂಗೈಯಗಲದ ಆ ತೊಲೆಯ ಮೇಲೆ ಅವಳು ಜಗಲಿಯ ಮೇಲೆ ಆಡುವಷ್ಟು ನೆಮ್ಮದಿಯಾಗಿ ಪಲ್ಟಿ ಹೊಡೆಯುತ್ತಿದ್ದಳು. ಅಣ್ಣನ ಮೋಹಕ್ಕೆ ಹೇಳುತ್ತಿಲ್ಲ, ಇಷ್ಟವಿಲ್ಲದವರೂ ಒಪ್ಪುತ್ತಿದ್ದ ಮಾತಿದು.

೨೦೦೧ರಲ್ಲಿ ರಾಷ್ಟ್ರೀಯ ಕೂಟಕ್ಕೆ ರಾಜ್ಯ ತಂಡದ ಆಯ್ಕೆ ನಡೆಯಿತು. ಕೋಮಲಾಳ ಮಂಡಿ ಆಗಲೇ ಹಟ ಹಿಡಿದಿತ್ತು. ಇನ್ನೊಂದು ವರ್ಷ ತಡೆದರೆ ಹೆಚ್ಚು ಎಂದು ಡಾಕ್ಟರ್ ಹೇಳಿದ್ದರು. ಈ ಸಲ ಹೋಗದಿದ್ದರೆ ಇನ್ನಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು.

ಅಜ್ಜಿಯೂ ನಾನೂ ನೋಡಲು ಹೋಗಿದ್ದೆವು. ಬೀಮ್ ಕೊನೆಯ ಸರದಿ. ಅಲ್ಲಿಯವರೆಗೆ ಅವಳು ಮುಂದಿದ್ದಳು. ಸ್ಪರ್ಧೆಯಲ್ಲಿ ಕೋಚ್ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಅಂಕ ಹೋಗುತ್ತದೆ. ಇದು ಅಜ್ಜಿಗೆ ಗೊತ್ತಿರಲಿಲ್ಲ. ಕೊನೆಯ ಪಲ್ಟಿಗೆ ಮುಂಚೆ ಕೋಮಲಾ ಕೈಯೆತ್ತಿ ಉಸಿರು ಹಿಡಿದು ನಿಂತಳು. ಕೋಚ್ ಸುಮ್ಮನಿದ್ದರು. ಈ ಮನುಷ್ಯ ಹೇಳುವುದನ್ನೇ ಮರೆತ ಎಂದು ಅಜ್ಜಿಗೆ ದಿಗಿಲಾಯಿತು. ಎದ್ದು ನಿಂತು, ಇಡೀ ಸಭೆ ತಿರುಗಿ ನೋಡುವಂತೆ ಕೂಗಿದರು.

"ಕುದಿ ಕಣೇ ಕೋಮಲಾ, ಕುದಿ!"

ಕೋಮಲಾ ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಹೊಟ್ಟೆ ಕುಲುಕಿತು, ನಕ್ಕಳು, ಬಿದ್ದಳು. ಒಂದೇ ಒಂದು ಸ್ಥಾನದಿಂದ ತಂಡ ತಪ್ಪಿತು.

ಬಸ್ಸಿನಲ್ಲಿ ಅಜ್ಜಿ ಏನಾಯಿತೆಂದು ಕೇಳಿದಾಗ "ವಳುಕ್ಕಿಡ್ಚು ಅಜ್ಜಿ" ಎಂದಳು. ಅಷ್ಟು ತಮಿಳು ಆ ಹೊತ್ತಿಗೆ ಅಜ್ಜಿಗೂ ತಿಳಿಯುತ್ತಿತ್ತು. ಕಾಲು ಜಾರಿತಂತೆ! ನನ್ನತ್ತ ಕಣ್ಣು ಬಿಟ್ಟು ಬಾಯಿ ಮುಚ್ಚಿಸಿದಳು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅಜ್ಜಿಯದು ಒಂದೇ ವರದಿ: "ಯಾವನೋ ಹಾಳಾದೋನು ತೊಲೆಗೆ ಎಣ್ಣೆ ಸವರಿದ್ದ." ಕೋಮಲಾ ಪಕ್ಕದಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸುವಳು. ಮುಂದಿನ ವರ್ಷ ಮಂಡಿ ಕೈಕೊಟ್ಟಿತು. ಓದು ಮುಗಿಸಿ ಶೋಳಿಂಗನಲ್ಲೂರಿನ ಶಾಲೆಯೊಂದಕ್ಕೆ ಪಿ.ಟಿ. ಟೀಚರ್ ಆಗಿ ಸೇರಿದಳು. ಅಲ್ಲಿನ ಮಕ್ಕಳು ಅವಳನ್ನು ಬಿಟ್ಟಿರುವುದಿಲ್ಲ.

೨೦೦೮ರಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಒಂದು ಭಾನುವಾರ ಮಧ್ಯಾಹ್ನ ಕೋಮಲಾ ಅವರ ತಲೆ ಬಾಚುತ್ತಿದ್ದಳು. ನಾನು ಅಲ್ಲೇ ಪೇಪರ್ ಓದುತ್ತಿದ್ದೆ.

"ಎಣ್ಣೆ ಗಿಣ್ಣೆ ಏನೂ ಇರ್ಲಿಲ್ಲ," ಎಂದರು ಅಜ್ಜಿ. "ನೀನು ನಕ್ಕಿದ್ದು ನಂಗೆ ಕಂಡಿತ್ತು ಕಣೇ. ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನೀನು ಹೋಗಿರ್ತಿದ್ದೆ, ಅಲ್ವಾ?"

ಇನ್ನೊಂದು ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ಬಾಚಣಿಗೆ ನಿಂತಿತು.

"ಹೋಗಿರ್ತಿದ್ದೆ ಅಜ್ಜಿ."

ಅಜ್ಜಿ ಅವಳ ಕೈ ಹಿಡಿದುಕೊಂಡು ಅತ್ತರು. ಕೋಮಲಾಳೂ ಅತ್ತಳು. ಬಿದ್ದ ದಿನ ಅಳದೇ ಇದ್ದವಳು ಅಂದು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ತುರುಬನ್ನು ಕಟ್ಟಿ ಮುಗಿಸಿದಳು.