ಆಯಿ ಪಾಸಾದ ದಿನ

ಮೊನ್ನೆ ಡಾಕ್ಟರು ಒಂದು ಬಿಳಿ ಹಾಳೆ, ಪೆನ್ಸಿಲ್ಲು ಕೊಟ್ಟು, "ಗಡಿಯಾರದ ಚಿತ್ರ ಬರೀರಿ, ಹನ್ನೊಂದು ಹತ್ತು ತೋರಸ್ರಿ" ಅಂದರು. ವಯಸ್ಸಾದವರ ನೆನಪು ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯಂತೆ. ಪಕ್ಕದಲ್ಲಿ ಮಗಳು ಉಸಿರು ಬಿಗಿಹಿಡಿದು ಕೂತಿದ್ದಳು. ನನಗೋ, ಪರೀಕ್ಷೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕಿಸಕ್ಕನೆ ನಗು ಬಂತು. ಡಾಕ್ಟರು ಗಾಬರಿಯಾದರು. ಅವರಿಗೇನು ಗೊತ್ತು, ನಮ್ಮ ಮನೆತನದಲ್ಲಿ ಈ ಪರೀಕ್ಷೆಗೆ ಕೂತವರಲ್ಲಿ ನಾನು ಮೊದಲಿನವಳಲ್ಲ!

ಮೊದಲಿನವಳು ನನ್ನ ಆಯಿ, ಅಪ್ಪನ ತಾಯಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸೋಲಾಪುರದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಗುರುವಾರ ಬಂತೆಂದರೆ ಆಯಿ ಒಬ್ಬಳೇ ರೈಲು ಹತ್ತಿ ಅಕ್ಕಲಕೋಟೆಗೆ ಹೋಗುವಳು. ಹೆಸರಿಗೆ ಸ್ವಾಮಿಗಳ ದರ್ಶನ. ನಿಜವಾದ ಕೆಲಸ ಅಲ್ಲಿದ್ದ ತಂಗಿಯ ಜೊತೆ ಜಗಳ. ಜಗಳಾಡಿ ಬಂದ ದಿನ ಅವಳ ಮುಖಕ್ಕೆ ಏನು ಕಳೆ ಅಂತೀರಿ! ಅಂಥವಳು ಒಂದು ಗುರುವಾರ ನಡುವೆ ಹೋಟಗಿಯಲ್ಲೇ ಇಳಿದು, ಸಂಜೆಯವರೆಗೆ ಪ್ಲಾಟ್‌ಫಾರ್ಮಿನ ಮೇಲೆ ಕೂತುಬಿಟ್ಟಳು. ಗುರುತಿನವರು ಮನೆಗೆ ಕರೆತಂದರು. ಯಾಕೆಂದು ಕೇಳಿದರೆ, "ಗಾಳಿ ಚಲೋ ಇತ್ತು" ಅಂದಳು.

ಅಪ್ಪ ಹೆಡ್‌ಕ್ಲಾರ್ಕು, ಯಾವುದಕ್ಕೂ ಮೇಲಿನವರ ಒಪ್ಪಿಗೆ ಬೇಕು ಅವರಿಗೆ. "ಅವ್ವಾ, ಡಾಕ್ಟರ ಹೂಂ ಅಂದ್ರ ಹೋಗು. ಇಲ್ಲಂದ್ರ ಇನ್ನ ಮ್ಯಾಲ ಅಕ್ಕಲಕೋಟಿ ಬಂದ್" ಅಂದರು. ಆಯಿಗೆ ಅನ್ನ ಸೇರದಾಯಿತು. ಮಂಗಳವಾರ ಅಪ್ಪ ಆಯಿಯನ್ನೂ ನನ್ನನ್ನೂ ದವಾಖಾನೆಗೆ ಕರೆದುಕೊಂಡು ಹೋದರು.

ಡಾಕ್ಟರು ಮುಂಬಯಿಯಲ್ಲಿ ಕಲಿತು ಹೊಸದಾಗಿ ಬಂದ ಮರಾಠಿ ಹುಡುಗ. ಆಯಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೂ ಅವತ್ತು ಸಿಟ್ಟಿಗೆ ಕನ್ನಡ ಬಿಟ್ಟು ಕದಲಲಿಲ್ಲ. ಹಾಗಾಗಿ ದುಭಾಷಿ ನಾನು. ಕೀಲಿ, ಕುದುರೆ, ಬದನೆಕಾಯಿ, ಈ ಮೂರು ನೆನಪಿಡಿ, ಆಮೇಲೆ ಕೇಳುತ್ತೇನೆ ಅಂದರು ಡಾಕ್ಟರು. ಬಳಿಕ ನೂರರಲ್ಲಿ ಏಳು ಕಳೆಯಲು ಹೇಳಿದರು.

"ಯಾಕ ಕಳೀಬೇಕ್ರಿ? ಇರಲಿ ಬಿಡ್ರಿ, ಪಾಪ" ಅಂದಳು ಆಯಿ.

ಇದು ಯಾವ ರಾಜ್ಯ ಅಂದರೆ, "ನಾ ಹುಟ್ಟಿದಾಗ ನಮ್ಮೂರ ಅಕ್ಕಲಕೋಟಿ ರಾಜಾರದು. ಆಮ್ಯಾಲ ಮುಂಬಯಿ ಅಂದ್ರು, ಈಗ ಮಹಾರಾಷ್ಟ್ರ ಅಂತಾರ. ನಾ ಎಲ್ಲೂ ಹೋಗಿಲ್ರಿ, ರಾಜ್ಯನ ಬಂದು ಬಂದು ಹೋಗ್ಯಾವ!" ಸೆರಗು ಬಾಯಿಗಿಟ್ಟುಕೊಂಡೇ ಇದನ್ನು ಮರಾಠಿಗೆ ದಾಟಿಸಿದೆ.

ಆಮೇಲೆ ಬಂತು ನೋಡಿ ಗಂಡಾಂತರ. ಯಜಮಾನರ ಹೆಸರೇನು?

ಆಯಿ ತಲೆ ತಗ್ಗಿಸಿದಳು. ಮತ್ತೆ ಕೇಳಿದರೆ ಗೋಡೆ ನೋಡಿದಳು. ಗಂಡನ ಹೆಸರೇ ಮರೆತಿದ್ದಾರಲ್ಲ ಎಂದು ಡಾಕ್ಟರು ಮರುಕದಿಂದ ತಲೆಯಾಡಿಸಿದರು. ಅಪ್ಪನ ಕಣ್ಣಲ್ಲಿ ನೀರು. ಅಯ್ಯೋ ಶಿವನೇ! ಗಂಡನ ಹೆಸರನ್ನು ಸೀದಾ ಬಾಯಲ್ಲಿ ತರುವ ಹೆಂಗಸು ನಮ್ಮ ಓಣಿಯಲ್ಲೇ ಇರಲಿಲ್ಲ. ಹೇಳಬೇಕಾದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಗಾಬರಿಯಲ್ಲಿ ಅಪ್ಪನಿಗೂ ಅದು ಹೊಳೆಯಲಿಲ್ಲ.

"ಆಯಿ, ಒಡಪ ಹಾಕ!" ಎಂದು ಕೂಗಿದೆ.

ಆಯಿ ಮದುಮಗಳಂತೆ ನಾಚಿ, ಗಂಟಲು ಸರಿಮಾಡಿಕೊಂಡು, ಎದ್ದು ನಿಂತಳು:

"ಅಕ್ಕಲಕೋಟಿ ದಾರ್ಯಾಗ ರೈಲು ಹೊಂಟೈತಿ ಜೋರ,
ಸೋಲಾಪುರದ ದವಾಖಾನ್ಯಾಗ ಇವತ್ತ ಮಂಗಳವಾರ,
ಕೀಲಿ, ಕುದುರಿ, ಬದನಿಕಾಯಿ ಕೊಟ್ಟಾರ ಡಾಕ್ಟರ,
ಗುರುಪಾದಪ್ಪನವರ ಹೆಸರ ಹೇಳತೀನಿ, ಕೇಳ್ರಿ ಎಲ್ಲಾರ!"

ಒಂದೇ ಉಸಿರಿಗೆ ಊರು, ವಾರ, ಮೂರು ಮಾತು, ಅಜ್ಜನ ಹೆಸರು! ನಾನು ಚಪ್ಪಾಳೆ ತಟ್ಟಿ ಕುಣಿದೆ. ಹೊರಗೆ ಕೂತಿದ್ದ ರೋಗಿಗಳು ಇಣುಕಿ, "ಇನ್ನೊಂದ ಹೇಳ್ರಿ ಆಯಿ" ಅಂದರು. "ಅರೇ, ಉಖಾಣಾ!" ಎಂದು ಡಾಕ್ಟರು ಹಣೆ ಬಡಿದುಕೊಂಡರು, ಮರಾಠಿಯಲ್ಲೂ ಇದೇ ರೂಢಿ, ಅವರ ಅಜ್ಜಿಯೂ ಗಂಡನ ಹೆಸರನ್ನು ಹೀಗೇ ಹೇಳುತ್ತಿದ್ದಳಂತೆ. ಆಯಿಯ ಕಾಲು ಮುಟ್ಟಿ, "ಆಜೀ ಏಕದಮ್ ಪಾಸ್" ಅಂದರು.

ಗುರುವಾರ ಆಯಿ ಹಸಿರು ಇಳಕಲ್ಲ ಸೀರೆ ಉಟ್ಟು ಹೊರಟಳು. ಸ್ಟೇಷನ್ನಿಗೆ ಬಿಡಲು ಹೋದೆ. ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟವಳು ನನ್ನ ಕೈ ಬಿಡಲೇ ಇಲ್ಲ.

"ನೀನೂ ಬಾರವ್ವ" ಅಂದಳು ಮೆಲ್ಲಗೆ. "ಅವತ್ತ ಹೋಟಗ್ಯಾಗ ಗಾಳಿ ಗೀಳಿ ಏನೂ ಇರಲಿಲ್ಲ. ಎಲ್ಲಿಗಿ ಹೊಂಟೀನಿ ಅನ್ನೂದ ಮರತಿತ್ತು. ನಿಮ್ಮಪ್ಪಗ ಹೇಳಬ್ಯಾಡ."

ಹತ್ತಿದೆ. ಅಂದಿನಿಂದ ಗುರುವಾರ ನನ್ನ ಕಾಲೇಜು ಬಂದ್. ತಂಗಿಯ ಜೊತೆ ಜಗಳ ರಂಗೇರಿದಾಗ ಆಯಿಗೆ ಬೈಗುಳ ಮರೆತರೆ ಕಿವಿಯಲ್ಲಿ ಹೇಳಿಕೊಡುವ ಕೆಲಸವೂ ನನ್ನ ಪಾಲಿಗೇ ಬಂತು. ಅಷ್ಟು ನಕ್ಕ ದಿನಗಳು ಮತ್ತೆ ಬರಲಿಲ್ಲ.

ನನ್ನ ಫಲಿತಾಂಶ ಕೇಳುತ್ತೀರಾ? ಎಲ್ಲಾ ಸರಿ, ಪೂರ್ತಿ ಅಂಕ. ಮಗಳು ಖುಷಿಗೆ ದಾರಿಯಲ್ಲೇ ಪೇಢೆ ಕೊಂಡಳು. ಆಟೋದಲ್ಲಿ ಪೇಢೆ ಬಾಯಲ್ಲಿರುವಾಗಲೇ ಅವಳ ಕೈ ಹಿಡಿದು ಹೇಳಿಬಿಟ್ಟೆ: ಹೋದ ವಾರ ಹಾಲು ತರಲು ಹೋದವಳು ನಮ್ಮದೇ ಗೇಟಿನ ಮುಂದೆ ನಿಂತು, ಇದು ಯಾರ ಮನೆ ಎಂದು ಬಹಳ ಹೊತ್ತು ಯೋಚಿಸಿದ್ದೆ.